ರಾಶಿಯ ಮೇಲೆ ಬಿದ್ದ ಚೆಂಡು

ಗುಡ್ಡ ಇಳಿಯುವುದನ್ನು ನೋಡಿಯೇ ಮನುಷ್ಯನ ಗುಣ ಹೇಳಬಹುದು ಎಂಬುದು ಶಂಕ್ರಮ್ಮನ ಸಿದ್ಧಾಂತ. ಬೋಳುಗುಡ್ಡದ ನೆತ್ತಿಯಿಂದ ಅವಳ ಕಣಕ್ಕೆ ಇಳಿಯುವ ದಾರಿ ಅಷ್ಟು ಕಡಿದು. ಚನ್ನಗಿರಿಯ ಅಡಿಕೆ ಸಾಹುಕಾರ ಷಣ್ಮುಖಪ್ಪ ಅರ್ಧ ದಾರಿ ಕಾಲಲ್ಲಿ, ಇನ್ನರ್ಧ ಕುಂಡೆಯಲ್ಲಿ ಜಾರಿಕೊಂಡು, ತಮ್ಮಷ್ಟಕ್ಕೆ ತಾವೇ ನಗುತ್ತ ಇಳಿಯುತ್ತಿದ್ದರು. ಹೊನ್ನಾಳಿಯ ರೈಸ್‌ಮಿಲ್ಲಿನ ನಾಗರಾಜಪ್ಪ ಕೈಯಲ್ಲಿದ್ದ ಕೋಲಿನಿಂದ ನೆಲ ತಿವಿದು, ಕಲ್ಲು ಅಲ್ಲಾಡುತ್ತದೋ ಇಲ್ಲವೋ ನೋಡಿ, ಆಮೇಲೆ ಒಂದು ಹೆಜ್ಜೆ ಇಡುತ್ತಿದ್ದರು. ಎಂಟು ವರ್ಷದಿಂದ ಭಾನುವಾರ ಬಂತೆಂದರೆ ಶಂಕ್ರಮ್ಮನಿಗೆ ಇದೊಂದು ಬಿಟ್ಟಿ ನಾಟಕ. ಅವಳ ತವರು ಜಗಳೂರು ಕಡೆಯ ಬಿಳಿಚೋಡು. ಬಯಲಲ್ಲಿ ಕುರಿ ಕಾಯ್ದು ಬೆಳೆದವಳಿಗೆ ದೂರದ ವಸ್ತು ನೋಡುವ ಕಣ್ಣು ಚೆನ್ನಾಗಿಯೇ ಇತ್ತು.

ನ್ಯಾಮತಿಯಿಂದ ಎರಡು ಮೈಲಿ ದೂರದ ಆ ಗುಡ್ಡದಲ್ಲಿ ಒಂದು ಕಾಲಕ್ಕೆ ಬಿಳಿಯರು ಚಿನ್ನ ತೋಡುತ್ತಿದ್ದರು. ಚಿನ್ನಕ್ಕಿಂತ ಮಣ್ಣೇ ಹೆಚ್ಚು ಸಿಕ್ಕಿದ್ದರಿಂದ ಗಂಟುಮೂಟೆ ಕಟ್ಟಿದರು. ಹೋಗುವಾಗ ಬಿಟ್ಟುಹೋದದ್ದರಲ್ಲಿ ಗುಡ್ಡದ ಬುಡದ, ನೀರಿನ ಕಟ್ಟೆಗೆ ಒತ್ತಿಕೊಂಡ ಒಂದು ದುಂಡನೆಯ ನೆಲವೂ ಇತ್ತು. ನೆಲದ ನಟ್ಟನಡುವೆ ಒಂದು ಕುಳಿ, ಕುಳಿಯಲ್ಲೊಂದು ಸಣಕಲು ಕಡ್ಡಿ, ಕಡ್ಡಿಯ ತುದಿಗೊಂದು ಬಟ್ಟೆಚೂರು. ಶಂಕ್ರಮ್ಮನ ಮಾವ ನೋಡಿದ ಕೂಡಲೇ ಅದು ಕಣವೆಂದು ತೀರ್ಮಾನಿಸಿದ. ನೆಲ ದುಂಡಗಿದೆ, ಗಟ್ಟಿಯಾಗಿದೆ, ನಡುವೆ ಎತ್ತು ಕಟ್ಟಿ ಸುತ್ತು ತುಳಿಸುವ ಮೇಟಿಯೂ ಇದೆ. ಕಣವಲ್ಲದೆ ಇನ್ನೇನು? ಪಾಪ, ದೊರೆಗಳಿಗೆ ಬೇಸಾಯ ಗೊತ್ತಿಲ್ಲ, ಇಂಥ ಕಡ್ಡಿಗೆ ಎತ್ತು ಕಟ್ಟಿದರೆ ನಿಲ್ಲುತ್ತವೆಯೇ ಎಂದು ಮರುಗಿ, ಕಡ್ಡಿ ಕಿತ್ತೆಸೆದು, ಕುಳಿಯನ್ನು ಅಗಲ ಮಾಡಿ ಒಂದು ಜಾಲಿ ಕಂಬ ನೆಟ್ಟ. ಅಂದಿನಿಂದ ಎರಡು ತಲೆಮಾರು, ನಾಲ್ಕು ಮನೆಯವರು ಅಲ್ಲೇ ಸಗಣಿ ಸಾರಿಸಿ ರಾಗಿ ತುಳಿಸಿದರು.

ಅದು ಕಣವಲ್ಲ, ಗಾಲ್ಫ್ ಎಂಬ ಆಟದ ಕೊನೆಯ ಕುಳಿ ಎಂದು ಊರಿಗೆ ಗೊತ್ತಾದದ್ದು ಎಪ್ಪತ್ತೇಳನೇ ಇಸವಿಯಲ್ಲಿ. ಕಾಲುವೆ ಕೆಲಸಕ್ಕೆ ಬಂದಿದ್ದ ಒಬ್ಬ ಇಂಜಿನಿಯರು ಗುಡ್ಡದ ಪೊದೆಗಳಲ್ಲಿ ಹಳೆಯ ಆಟದ ಗುರುತು ಹುಡುಕಿದ. ಅವನಿಂದ ಹುಚ್ಚು ಹತ್ತಿಸಿಕೊಂಡದ್ದು ಈ ಸಾಹುಕಾರರು; ಸೇರಿ ಒಂದು ಕ್ಲಬ್ಬನ್ನೂ ಕಟ್ಟಿದರು. ಇಂಜಿನಿಯರಿಗೆ ವರ್ಗವಾಯಿತು, ಹುಚ್ಚಿಗೆ ಆಗಲಿಲ್ಲ. ಗುಡ್ಡದ ಮೇಲೆ ಐದು ಕುಳಿ. ಅವಕ್ಕೆ ಹೆಸರಿಡುವಂಥದ್ದು ಏನೂ ಇಲ್ಲ. ಆರನೆಯದೇ ಆಟದ ಜೀವ. ನೆತ್ತಿಯ ಬಂಡೆಯ ಮೇಲೆ ನಿಂತು, ಮೂರು ತೆಂಗಿನಮರದಷ್ಟು ಕೆಳಗೆ ತಟ್ಟೆಯಂತೆ ಕಾಣುವ ಕಣಕ್ಕೆ ಚೆಂಡು ಹೊಡೆಯಬೇಕು, ಮೂರು ಏಟಿಗೆ ಕುಳಿ ಸೇರಿಸಬೇಕು. ಚೆಂಡು ಹಾರಿದ ಮೇಲೆ ಒಂದು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಗಾಳಿಯಲ್ಲೇ ಇರುತ್ತಿತ್ತು. ಬೀಳುವುದು ಸಾರಿಸಿದ ಗಟ್ಟಿ ನೆಲಕ್ಕೆ. ಚಿಮ್ಮಿ ನೇರ ಕಟ್ಟೆಯ ನೀರಿಗೆ. ಆಟದ ನಿಯಮದ ಪುಸ್ತಕದ ಪ್ರಕಾರ ಕುಳಿ ನಾಲ್ಕೂಕಾಲು ಅಂಗುಲ ಇರಬೇಕು, ಮೇಟಿಯ ಕುಳಿ ಒಂದು ಗೇಣು ಅಗಲ. ಈ ವಿಷಯದಲ್ಲಿ ಕ್ಲಬ್ಬಿನವರು ಕಣ್ಣು ಮುಚ್ಚಿಕೊಂಡಿದ್ದರು, ಯಾಕೆಂದರೆ ಅಷ್ಟು ದೊಡ್ಡ ಕುಳಿಗೂ ಎಂಟು ವರ್ಷದಲ್ಲಿ ಆರು ಏಟಿಗಿಂತ ಕಡಿಮೆಯಲ್ಲಿ ಯಾರೂ ಚೆಂಡು ಹಾಕಿರಲಿಲ್ಲ.

ಶಂಕ್ರಮ್ಮ ಅವರಿಗೆ ಹಾಕಿದ್ದು ಒಂದೇ ಕಟ್ಟುಪಾಡು. ಕಣದೊಳಗೆ ಚಪ್ಪಲಿ ಬೂಟು ಕೂಡದು. ಲಕ್ಷಾಧೀಶರು ಮುಳ್ಳಿನ ಬೂಟು ಕಳಚಿ, ಪ್ಯಾಂಟು ಮಡಿಸಿ, ಬರಿಗಾಲಲ್ಲಿ ಬಂದು ಚೆಂಡು ತಳ್ಳುತ್ತಿದ್ದರು. ಸುಗ್ಗಿಯಲ್ಲಿ ಅವಳು ಮೇಟಿ ನೆಡುವಳು, ಸುಗ್ಗಿ ಮುಗಿದ ಮೇಲೆ ಅವರು ಬಾವುಟ ನೆಡುವರು. ಹೀಗೆ ಚೆನ್ನಾಗಿಯೇ ನಡೆದಿತ್ತು.

ಎಂಬತ್ನಾಲ್ಕರ ಕೊನೆಯಲ್ಲಿ ನಾಗರಾಜಪ್ಪ ಕ್ಲಬ್ಬಿನ ಅಧ್ಯಕ್ಷರಾದರು. ಅಳತೆ ಮಾಡಿಸಿದರು, ಅರ್ಜಿ ಹಾಕಿದರು, ಗುಡ್ಡವನ್ನೂ ಕಣವನ್ನೂ ಸೇರಿಸಿ ಕ್ಲಬ್ಬಿನ ಹೆಸರಿಗೆ ಗುತ್ತಿಗೆ ಪತ್ರ ತಂದರು. ಶಂಕ್ರಮ್ಮ ಬಸ್ಸು ಹತ್ತಿ ಹೊನ್ನಾಳಿಗೆ ಹೋಗಿ ಕಚೇರಿಯಲ್ಲಿ ವಿಚಾರಿಸಿದಳು. ನೆಲ ಹಿಂದೆ ಗಣಿಯವರದ್ದು, ಆಮೇಲೆ ಸರ್ಕಾರದ್ದು, ಈಗ ಕ್ಲಬ್ಬಿನದು. ನಿಮ್ಮದೆನ್ನುವುದಕ್ಕೆ ಒಂದು ಚೀಟಿಯೂ ಇಲ್ಲ ಎಂದರು. ಅವಳು ಮರಳಿ ಬರುವಷ್ಟರಲ್ಲಿ ಕಣದ ಬದಿಯಲ್ಲಿ ತಂತಿಬೇಲಿಯ ಸುರುಳಿ ಬಂದು ಬಿದ್ದಿತ್ತು.

"ಚೆಂಡು ನಿಲ್ಲಲಿ ಅಂತ ಕಣದಾಗೆ ಹುಲ್ಲು ಬೆಳೆಸ್ತಾರಂತೆ ಅತ್ತಿ" ಎಂದಳು ಸೊಸೆ ಪ್ರೇಮಮ್ಮ.

ಶಂಕ್ರಮ್ಮನಿಗೆ ಎದೆಗೆ ಒದ್ದಂತಾಯಿತು. ಕಣದಲ್ಲಿ ಹುಲ್ಲು ಬೆಳೆಯುವುದೆಂದರೆ ಒಕ್ಕಲು ಹಾಳಾದ ಮನೆಯ ಗುರುತು. ಹಗೆಯವರು ಕೂಡ ಅಂಥ ಮಾತು ಬಾಯಲ್ಲಿ ತರುವುದಿಲ್ಲ. ಇವರು ಅದಕ್ಕೆ ಬೀಜ ತರಿಸಿದ್ದರು.

ಷಣ್ಮುಖಪ್ಪ ಕ್ಲಬ್ಬಿನ ಕಾರ್ಯದರ್ಶಿ. ಅವರನ್ನು ಕೇಳಿದರೆ ನೆಲ ನೋಡಿಕೊಂಡು, "ನಾನೇನ್ಮಾಡ್ಲಿ ಶಂಕ್ರಮ್ಮ, ಅಧ್ಯಕ್ಷರು ಅವರು" ಎಂದರು. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನವನ್ನು ಎದ್ದು ನಿಂತು ಹೇಳುವ ಅಭ್ಯಾಸವಿಲ್ಲ. ನಾಗರಾಜಪ್ಪ ಮಾತ್ರ ಖಡಾಖಂಡಿತ: "ಈ ವರ್ಷ ಕೊನೇ ಸಲ ರಾಶಿ ಮಾಡ್ಕೊಳ್ರಿ. ಮುಗಿದ ಮಾರನೇ ದಿನ ಬೇಲಿ."

ರಾಶಿಗೆ ಗೊತ್ತು ಮಾಡಿದ ದಿನವೇ ಕ್ಲಬ್ಬಿನ ವರ್ಷದ ಪಂದ್ಯವೂ ಬಂತು. ಯಾರೂ ಮುಂದಕ್ಕೆ ಹಾಕಲು ಒಪ್ಪಲಿಲ್ಲ. ಶಂಕ್ರಮ್ಮನ ಕಡೆ ಪಂಚಾಂಗವಿತ್ತು, ಅವರ ಕಡೆ ಅಚ್ಚು ಹಾಕಿಸಿದ ಆಮಂತ್ರಣವಿತ್ತು.

ಆ ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ತೂರುವುದೆಲ್ಲ ಮುಗಿದಿತ್ತು. ಮೇಟಿ ಕಿತ್ತು, ಅದೇ ಜಾಗದ ಮೇಲೆ ರಾಗಿಯನ್ನು ಎದೆಯೆತ್ತರ ರಾಶಿ ಸುರಿದಿದ್ದರು. ನೆತ್ತಿಯ ಮೇಲೆ ಸಗಣಿಯ ಬೆನಕಪ್ಪ, ಅವನ ತಲೆಗೆ ಗರಿಕೆ. ಪೂಜೆಯಾದ ಮೇಲೆ ಅಳತೆ ಆರಂಭವಾಗುವವರೆಗೆ ರಾಶಿಯನ್ನು ಯಾರೂ ಮುಟ್ಟುವಂತಿಲ್ಲ. ಅಳತೆ ಇಳಿಹೊತ್ತಿಗೆ. ಶಂಕ್ರಮ್ಮ ಒಂದು ಕಡೆ ಕೂತು ಇದೇ ಕೊನೆ, ಇದೇ ಕೊನೆ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬಂಡೆಯ ಮೇಲಿಂದ ಟಕ್ ಎಂಬ ಸದ್ದು ಕೇಳಿಸಿತು.

ಅವಳು ತಲೆಯೆತ್ತಿದಳು. ಚೆಂಡು ಮೊದಲು ಮೋಡದ ಬಿಳುಪಿನಲ್ಲಿ ಕಾಣದಾಯಿತು, ಆಮೇಲೆ ಗುಡ್ಡದ ಕಪ್ಪಿಗೆ ಎದುರಾಗಿ ಕಂಡಿತು. ಇಳಿಯಿತು, ಇಳಿಯಿತು, ಇನ್ನೂ ಇಳಿಯಿತು. ಕಟ್ಟೆಯ ಎಮ್ಮೆಗೆ ಬೀಳುತ್ತದೆ ಎಂದುಕೊಂಡಳು. ಗಾಳಿ ಒಂದಿಷ್ಟು ಈಚೆಗೆ ದೂಡಿತು. ಬೆನಕಪ್ಪನ ಮಗ್ಗುಲಿಗೆ, ರಾಗಿಯೊಳಗೆ, ಸದ್ದೇ ಇಲ್ಲದೆ ಬಂದು ಕೂತಿತು. ಮುಕ್ಕಾಲು ಮುಳುಗಿ, ಬಿಳಿಯ ನೆತ್ತಿಯಷ್ಟೇ ಮೇಲೆ ಉಳಿದಿತ್ತು.

ಚೆಂಡು ಷಣ್ಮುಖಪ್ಪನವರದು. ಅವರು ಎಂದಿಗಿಂತ ಬೇಗ ಜಾರಿಕೊಂಡು ಬಂದರು. ನಾಗರಾಜಪ್ಪ ಕೂಡ ಕೋಲು ಊರುವುದನ್ನು ಮರೆತು ಬಂದರು. ಹಿಂದೆ ಕ್ಲಬ್ಬಿನ ಹತ್ತು ಹನ್ನೆರಡು ಮಂದಿ. ಎಲ್ಲರೂ ಕಣದ ಅಂಚಿನಲ್ಲಿ ನಿಂತರು.

"ಇದು ಕಳೆದುಹೋದ ಚೆಂಡು. ಇನ್ನೊಂದು ಹೊಡಿ" ಎಂದರು ನಾಗರಾಜಪ್ಪ.

"ಕಣ್ಣಿಗೆ ಕಾಣ್ತಾ ಐತಲ್ಲಪ್ಪ, ಕಳೆದದ್ದು ಹೆಂಗಾತು?" ಎಂದರು ಷಣ್ಮುಖಪ್ಪ.

"ಹಂಗಾದ್ರೆ ಇದ್ದಲ್ಲಿಂದ್ಲೇ ಹೊಡಿ. ಪುಸ್ತಕದಾಗೆ ಹಂಗೇ ಐತೆ."

ಶಂಕ್ರಮ್ಮ ಕೂತಲ್ಲಿಂದಲೇ ಹೇಳಿದಳು: "ರಾಶಿಗೆ ಕೋಲು ತಾಗಿಸಿದ್ರೆ ಕೈ ಮುರೀತೀನಿ ಸಾವ್ಕಾರ್ರೆ. ಬ್ಯಾಸರ ಮಾಡ್ಕಬ್ಯಾಡ್ರಿ. ಅಳತೆ ಆಗೋತನ ಯಾರೂ ಮುಟ್ಟಂಗಿಲ್ಲ."

ಚೆಂಡನ್ನು ಕೈಯಿಂದ ಎತ್ತಬಾರದೆಂದು ಆಟದ ಪುಸ್ತಕ, ರಾಶಿಯನ್ನು ಮುಟ್ಟಬಾರದೆಂದು ಕಣದ ಪದ್ಧತಿ. ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ನಾಗರಾಜಪ್ಪನಿಗೇ ನಗು ಬಂತು. ಹೊಟ್ಟೆಯೂ ಹಸಿದಿತ್ತು.

"ಆಗ್ಲಿ, ಕಾಯಾಣ. ಕಣದ ಕೆಲಸ ಮುಗಿಯೋತನ ಚೆಂಡು ಎಲ್ಲಿಗಾದ್ರೂ ಹೋಗ್ಲಿ, ಅದು ಕಣದ ಕೆಲಸ, ನಾನು ತಕರಾರು ಮಾಡಲ್ಲ. ಕುಳಿಗೇ ಬಿದ್ರೆ ಒಂದೇ ಏಟು ಅಂತ ಬರ್ಕೊಂಬಾಣ" ಎಂದು ಎಲ್ಲರ ಕಡೆ ನೋಡಿ ನಕ್ಕರು.

ಒಂದೇ ಏಟು ಎಂಬ ಮಾತಿಗೆ ಷಣ್ಮುಖಪ್ಪನ ಮುಖ ದೀಪ ಹಚ್ಚಿದಂತಾಯಿತು. ಎಂಟು ವರ್ಷದಲ್ಲಿ ನೂರಾರು ಚೆಂಡು ಕಟ್ಟೆಗೆ ಸುರಿದ ಮನುಷ್ಯ ಅದು. "ಅದೊಂದು ಆಗಿಬಿಟ್ರೆ ಶಂಕ್ರಮ್ಮ, ನೀನು ಏನು ಕೇಳಿದ್ರೂ ಕೊಡ್ತೀನಿ" ಎಂದುಬಿಟ್ಟರು.

ಶಂಕ್ರಮ್ಮ ಎದ್ದು ನಿಂತಳು. "ಸುಗ್ಗಿ ಎರಡು ತಿಂಗಳು ಕಣ ನಮಗೆ ಬಿಡ್ರಿ. ಹುಲ್ಲು ಹಾಕಬ್ಯಾಡ್ರಿ. ಅಷ್ಟನ್ನ ಕಾಗದದ ಮ್ಯಾಲೆ ಬರಕೊಡ್ರಿ. ನೀವೊಬ್ರೇ ಕೊಟ್ರೆ ಸಾಲದು, ಅಧ್ಯಕ್ಷರೂ ರುಜು ಹಾಕ್ಬೇಕು."

"ಹಾಕ್ತೀನಿ ಬಿಡಮ್ಮ" ಎಂದರು ನಾಗರಾಜಪ್ಪ. ಎಂಟು ವರ್ಷದಲ್ಲಿ ಆಗದ್ದು ಇವತ್ತು ಆಗುತ್ತದೆಯೇ ಎಂಬ ಧೈರ್ಯ ಅವರದು.

"ರಾಶಿ ಮುಂದೆ ಹೇಳಿದ ಮಾತು ಅದು."

"ಗೊತ್ತೈತೆ. ನಾನೂ ಒಕ್ಕಲು ಮಗನೇ."

ಸಾಹುಕಾರರೆಲ್ಲ ಹುಣಸೆಮರದ ಕೆಳಗೆ ಕೂತು ಕಣದ ಊಟ ಮಾಡಿದರು. ಮುದ್ದೆ, ಅವರೆಕಾಳು ಸಾರು, ಮೇಲೆ ಹುಗ್ಗಿ. ನಾಗರಾಜಪ್ಪ ಎರಡನೇ ಮುದ್ದೆ ಕೇಳಿದಾಗ ಪ್ರೇಮಮ್ಮ ಬೇಕೆಂದೇ ದೊಡ್ಡದು ಹಾಕಿದಳು, ಏಳಲಾಗದಿರಲಿ ಎಂದು.

ಇಳಿಹೊತ್ತಿಗೆ ಮಾರಪ್ಪ ಕೊಳಗ ಹಿಡಿದು ಬಂದ. ಕಣದ ನಾಲ್ಕು ಮನೆಗಳಲ್ಲಿ ಅವನದೂ ಒಂದು. ಅವನ ಅಳತೆಯ ಕೈ ನೇರ ಎಂದು ಅಳೆಯುವ ಕೆಲಸ ಪ್ರತಿ ವರ್ಷ ಅವನದೇ. ಬೆನಕಪ್ಪನನ್ನು ಇಳಿಸಿ, ಪೂರ್ವಕ್ಕೆ ನಿಂತು ಮೊದಲ ಕೊಳಗ ತುಂಬಿದ. ಮೊದಲನೆಯದನ್ನು ಒಂದು ಎನ್ನುವಂತಿಲ್ಲ.

"ಲಾಭ" ಎಂದ ಮಾರಪ್ಪ. "ಎರಡು. ಮೂರು."

ಅಳೆಯುವಾಗ ಬೇರೆ ಯಾರೂ ಮಾತಾಡಕೂಡದು. ಸಾಹುಕಾರರಿಗೂ ಆಟದಲ್ಲಿ ಬಾಯಿ ಮುಚ್ಚಿ ನಿಲ್ಲುವ ಅಭ್ಯಾಸವಿತ್ತು. ಮಾರಪ್ಪ ಬಲಕ್ಕೆ ಸುತ್ತು ಹಾಕುತ್ತ, ಸುತ್ತಿಗೊಂದು ಕೊಳಗ ತುಂಬುತ್ತ ಹೋದ. ನಾಲ್ಕೂ ದಿಕ್ಕಿನಿಂದ ರಾಗಿ ಕಡಿಮೆಯಾಗುತ್ತ ಬಂದಂತೆ ಚೆಂಡೂ ಇಳಿಯತೊಡಗಿತು. ಎದೆಯೆತ್ತರದಿಂದ ಸೊಂಟಕ್ಕೆ ಬಂತು. ಸೊಂಟದಿಂದ ಮೊಣಕಾಲಿಗೆ ಬಂತು. ಒಮ್ಮೆ ಕಟ್ಟೆಯ ಕಡೆಗೆ ಜಾರಿತು. ಮುಂದಿನ ಸುತ್ತಿನಲ್ಲಿ ಕಾಳು ಆಚೆಯಿಂದ ಕುಸಿದು ಅದನ್ನು ಮತ್ತೆ ನಡುವಿಗೆ ತಂದಿತು. ಬೆಳಿಗ್ಗೆ ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಗುಡ್ಡ ಇಳಿದ ಚೆಂಡು, ಈ ಎದೆಯೆತ್ತರ ಇಳಿಯಲು ಎರಡು ಗಂಟೆ ತೆಗೆದುಕೊಂಡಿತು.

ಕೊನೆಯ ಕೊಳಗ ತುಂಬಿದ ಮೇಲೆ ಸಾರಿಸಿದ ನೆಲ ಕಾಣಿಸಿತು. ನಟ್ಟನಡುವೆ ಮೇಟಿಯ ಕುಳಿ. ಕುಳಿ ಬಾಯಿಮಟ್ಟ ರಾಗಿಯಿಂದ ತುಂಬಿತ್ತು. ಆ ರಾಗಿಯ ಮೇಲೆ, ಹಾಸಿಗೆಯ ಮೇಲೆ ಕೂರಿಸಿದಂತೆ, ಚೆಂಡು ಕೂತಿತ್ತು.

ನಾಗರಾಜಪ್ಪ ಅಂಚಿನಲ್ಲಿ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದರು. "ನೆಲಕ್ಕಿಂತ ಮ್ಯಾಲೆ ಐತೆ. ಬಿದ್ದಿಲ್ಲ" ಎಂದರು.

"ಕುಳಿಯಾಗಿನ ಕಾಳು ತೆಗೆದ್ರೆ ಬೀಳ್ತೈತಲ್ಲ" ಎಂದರು ಷಣ್ಮುಖಪ್ಪ. "ಕಣದ ಕೆಲಸ ಅಂತ ನೀನೇ ಒಪ್ಪಿದ್ದಿ."

ನಾಗರಾಜಪ್ಪ ಹಟವಾದಿ, ಆದರೆ ಸುಳ್ಳನಲ್ಲ. ಶಂಕ್ರಮ್ಮನ ಕಡೆ ತಿರುಗಿದರು. "ನೀನೇ ಹೇಳಮ್ಮ. ಕುಳಿಯಾಗಿನ ಕಾಳು ಅಳತೆಗೆ ಸೇರ್ತೈತೋ ಇಲ್ಲೋ? ಸೇರ್ತೈತೆ ಅಂದ್ರೆ ಮಾರಪ್ಪ ತೆಗೀಲಿ, ನಂದೇನೂ ತಕರಾರಿಲ್ಲ."

ಹೌದು ಎಂಬ ಒಂದು ಮಾತು ಸಾಕಿತ್ತು. ಹೊರಗಿನ ಯಾರಿಗೂ ಈ ಕಣದ ಪದ್ಧತಿ ಗೊತ್ತಿರಲಿಲ್ಲ. ಪ್ರೇಮಮ್ಮ ಹಿಂದಿನಿಂದ ಅತ್ತೆಯ ಸೆರಗು ಜಗ್ಗಿದಳು. ಮಾರಪ್ಪ ಕೊಳಗ ಹಿಡಿದು ನೆಲ ನೋಡುತ್ತ ನಿಂತ. ನೀನು ಹೇಳಿದಂತೆ ಎಂಬಂತೆ. ಆ ಕ್ಷಣ ಶಂಕ್ರಮ್ಮನಿಗೆ ಕಣ ಬೇಕಾದಷ್ಟು ಜೀವಮಾನದಲ್ಲಿ ಏನೂ ಬೇಕಾಗಿರಲಿಲ್ಲ.

"ಸೇರಲ್ರಿ" ಎಂದಳು. "ಕುಳಿಯಾಗಿನ ಕಾಳು ಹಕ್ಕಿಪಾಲು. ನಮ್ಮತ್ತಿ ಕಾಲದಿಂದ್ಲೂ ಅದನ್ನ ಅಳೆದಿಲ್ಲ."

ಪ್ರೇಮಮ್ಮ ಸೆರಗು ಬಿಟ್ಟಳು. "ಏನತ್ತಿ ನೀನು" ಎಂದಳು, ಅಳು ಬರುವಂತಾಗಿ. "ಕೈಗೆ ಬಂದದ್ದನ್ನ."

"ಕಣ ಉಳಿಸ್ಕೊಳ್ಳಾಕೆ ಕಣದ ಮಾತೇ ಮುರಿದ್ರೆ ಆಮ್ಯಾಲೆ ಉಳಿಯೋದು ಏನೇ? ಬರೀ ನೆಲ. ಅದಕ್ಕೆ ಹುಲ್ಲಾದ್ರೇನು, ಬೇಲಿಯಾದ್ರೇನು" ಎಂದಳು ಶಂಕ್ರಮ್ಮ. ಹಾಗೆಂದವಳಿಗೆ ಕಣ್ಣು ತುಂಬಿತು.

"ಹಂಗಾದ್ರೆ ಮುಗೀತು" ಎಂದರು ನಾಗರಾಜಪ್ಪ. ಗೆದ್ದ ಖುಷಿ ದನಿಯಲ್ಲಿ ಇರಲಿಲ್ಲ. "ಷಣ್ಮುಖಾ, ಬೂಟು ಕಳಚಿ ಒಳಗೆ ಹೋಗು. ಎರಡನೇ ಏಟು ಹೊಡಿ."

"ಹೋಗಂಗಿಲ್ರಿ" ಎಂದ ಮಾರಪ್ಪ.

ಎಲ್ಲರೂ ಅವನ ಕಡೆ ನೋಡಿದರು. ಅಳತೆಯ ಲೆಕ್ಕ ಬಿಟ್ಟು ಅವನು ಆಡಿದ ಮೊದಲ ಮಾತು ಅದು. "ಶಂಕ್ರಮ್ಮಕ್ಕ ಪೂರ್ತಿ ಹೇಳ್ಲಿಲ್ಲ. ಹಕ್ಕಿ ಬಂದು ಆ ಕಾಳು ತಿನ್ನೋತನ ಕಣ ಮುಗಿದಂಗಲ್ಲ. ಅಲ್ಲೀತನ ಯಾರೂ ಒಳಗೆ ಕಾಲಿಡಂಗಿಲ್ಲ. ನಾನೂ ಇಡಲ್ಲ, ಅವರೂ ಇಡಲ್ಲ." ಅದೂ ಹಳೆಯ ಪದ್ಧತಿಯೇ; ಶಂಕ್ರಮ್ಮ ಹೌದೆಂದು ತಲೆಯಾಡಿಸಿದಳು.

ಷಣ್ಮುಖಪ್ಪ ಜೇಬಿನಿಂದ ಪುಸ್ತಕ ಎಳೆದರು. ಹಾಳೆ ತಿರುವುವಾಗ ಎರಡು ಸಲ ಕೆಳಗೆ ಬೀಳಿಸಿದರು. ಕುಳಿಯ ಬಾಯಲ್ಲಿ ನಿಂತ ಚೆಂಡು ಬೀಳುತ್ತದೆಯೇ ಎಂದು ಆಟಗಾರ ಹತ್ತು ಸೆಕೆಂಡು ಕಾಯಬಹುದು. ಆ ಹತ್ತು ಸೆಕೆಂಡು ಎಣಿಸುವುದು ಅವನು ಚೆಂಡಿನ ಹತ್ತಿರ ತಲುಪಿದ ಮೇಲೆ. "ನಾನು ತಲುಪೇ ಇಲ್ವಲ್ಲಪ್ಪ" ಎಂದರು. "ತಲುಪಾಕೆ ಬಿಡ್ತಾ ಇಲ್ಲ."

"ಬೇಕಂತ ತಡ ಮಾಡಂಗಿಲ್ಲ ಅಂತಾನೂ ಐತೆ ಅದ್ರಾಗೆ" ಎಂದರು ನಾಗರಾಜಪ್ಪ.

"ನಾನೆಲ್ಲಿ ಮಾಡ್ತಾ ಇದೀನಿ? ಕಣದ ಕೆಲಸ ಮುಗಿಯೋತನ ತಕರಾರಿಲ್ಲ ಅಂದದ್ದು ಯಾರು? ರಾಶಿ ಮುಂದೆ?"

ನಾಗರಾಜಪ್ಪ ತಲೆಯಿಂದ ಟೋಪಿ ತೆಗೆದು ತೊಡೆಗೆ ಬಡಿದರು. "ಹಕ್ಕಿ ಎಷ್ಟೊತ್ತಿಗೆ ಬರ್ತಾವೆ?" ಎಂದು ಕೇಳಿದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಣದ ಸುತ್ತ ಅರ್ಧ ಊರೇ ನೆರೆದಿತ್ತು. ಸಾಹುಕಾರರು ಊರ ಶಾಲೆಯಲ್ಲಿ ಮಲಗಿ ಎದ್ದು ಬಂದಿದ್ದರು, ಕಂಬಳಿ ಹೊದ್ದುಕೊಂಡೇ. ಮೊದಲು ಬಂದದ್ದು ಒಂದು ಗುಬ್ಬಿ. ಇಷ್ಟು ಜನ ನೋಡಿ ಹುಣಸೆಮರಕ್ಕೆ ಹಾರಿಹೋಯಿತು. "ಹಿಂದಕ್ಕೆ ಸರೀರಿ, ಹಿಂದಕ್ಕೆ ಸರೀರಿ" ಎಂದು ಪಿಸುಗುಟ್ಟುತ್ತ ಜನರನ್ನು ದೂಡಿದವರು ನಾಗರಾಜಪ್ಪ. ತಾವೇ ಯಾವ ಕಡೆ ಎಂಬುದನ್ನು ಅವರು ಆಗಲೇ ಮರೆತಂತಿತ್ತು. ಆಮೇಲೆ ಗುಬ್ಬಿಗಳ ಹಿಂಡು ಇಳಿಯಿತು, ಹಿಂದೆಯೇ ನಾಲ್ಕು ಗೊರವಂಕ. ಕುಳಿಯ ಸುತ್ತ ನೂಕಾಡಿ, ಕಿತ್ತಾಡಿ, ಕಾಳು ಹೆಕ್ಕಿದವು. ಒಂದು ಗೊರವಂಕ ಚೆಂಡನ್ನೂ ಕುಕ್ಕಿ ನೋಡಿ, ಪ್ರಯೋಜನವಿಲ್ಲವೆಂದು ಬಿಟ್ಟಿತು. ಚೆಂಡು ಒಂದು ನೂಲು ಕುಸಿಯಿತು. ಇನ್ನೊಂದು ನೂಲು. ಬಿಸಿಲು ಕಣಕ್ಕೆ ತಾಗುವಷ್ಟರಲ್ಲಿ ಅದು ಕೂತಲ್ಲೇ ಒಂದು ಸುತ್ತು ಹೊರಳಿ ಕಣ್ಣಿಗೆ ಕಾಣದಾಯಿತು.

ಹಕ್ಕಿಗಳು ಹಾರಿದ ಮೇಲೆ ಶಂಕ್ರಮ್ಮ, "ಈಗ ಬರ್ರಿ" ಎಂದಳು. ಇಬ್ಬರೂ ಬರಿಗಾಲಲ್ಲಿ ಒಳಗೆ ಹೋದರು. ನಾಗರಾಜಪ್ಪ ಮಂಡಿಯೂರಿ ಅಂಗೈಯನ್ನು ಕುಳಿಯ ಬಾಯಿಗೆ ಅಡ್ಡ ಇಟ್ಟು ನೋಡಿದರು. ಚೆಂಡು ಅಂಗೈಗೆ ತಾಗಲಿಲ್ಲ.

"ಒಂದೇ ಏಟು" ಎಂದರು. ಷಣ್ಮುಖಪ್ಪ ಅಲ್ಲೇ ಕೂತು, ಕಂಬಳಿಯಿಂದ ಮುಖ ಮುಚ್ಚಿಕೊಂಡು, ಐವತ್ತೈದು ವರ್ಷದ ಮನುಷ್ಯ ಬಿಕ್ಕಿಬಿಕ್ಕಿ ಅತ್ತರು.

ಕಾಗದ ಬರೆದದ್ದು ತಂತಿಬೇಲಿಯ ಸುರುಳಿಯ ಮೇಲೆ ಹಲಗೆ ಇಟ್ಟುಕೊಂಡು. ಷಣ್ಮುಖಪ್ಪ ಬರೆಯುತ್ತ, ಹೊಡೆದುಹಾಕುತ್ತ, ಮತ್ತೆ ಬರೆಯುತ್ತ ಬಹಳ ಹೊತ್ತು ಮಾಡಿದರು. ನಾಗರಾಜಪ್ಪ ಓದಿ ಹುಬ್ಬೇರಿಸಿ ಅವರನ್ನು ನೋಡಿದರು. ಷಣ್ಮುಖಪ್ಪ ಈ ಸಲ ನೆಲ ನೋಡಲಿಲ್ಲ. "ಮುಂದಿನ ವರ್ಷ ರಾಶಿ ದಿನ ಮೊದಲ ಏಟು ನಂದು" ಎಂದು ಗೊಣಗಿ ನಾಗರಾಜಪ್ಪ ರುಜು ಹಾಕಿದರು.

ಶಂಕ್ರಮ್ಮನಿಗೆ ಓದು ಬರುತ್ತಿರಲಿಲ್ಲ. ಮಾರಪ್ಪನನ್ನೂ ಉಳಿದ ಮನೆಯವರನ್ನೂ ಹತ್ತಿರ ಕರೆದು, "ಓದ್ರಿ ಸಾವ್ಕಾರ್ರೆ" ಎಂದಳು. ಎರಡು ತಿಂಗಳು ಬಿಟ್ಟಿದ್ದಾರೋ ಒಂದೇ ತಿಂಗಳೋ ಎಂಬ ಅಳುಕು ಅವಳಿಗೆ ಇನ್ನೂ ಇತ್ತು.

ಷಣ್ಮುಖಪ್ಪ ಓದಿದರು: "ಬೋಳುಗುಡ್ಡದ ಬುಡದ ಕಣದ ಒಡೆಯರಾದ ಮಾರಪ್ಪ, ಶಂಕ್ರಮ್ಮ ಮೊದಲಾದ ನಾಲ್ಕು ಮನೆಯವರು, ಸುಗ್ಗಿಯ ಎರಡು ತಿಂಗಳು ತಮಗೆ ಇಟ್ಟುಕೊಂಡು, ಉಳಿದ ಹತ್ತು ತಿಂಗಳು, ಹುಲ್ಲು ಬೆಳೆಸಬಾರದೆಂಬ ಕರಾರಿನ ಮೇಲೆ, ಈ ಕಣವನ್ನು ಕ್ಲಬ್ಬಿನವರ ಆಟಕ್ಕೆ ದಯವಿಟ್ಟು ಕೊಟ್ಟಿರುತ್ತಾರೆ."

ಶಂಕ್ರಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು.

"ಯಾರು ಯಾರಿಗೆ ಕೊಟ್ಟದ್ದು ಅಂದ್ರಿ?" ಎಂದಳು. "ಅದನ್ನ ಇನ್ನೊಂದು ಸಲ ಓದ್ರಿ."